ಮೆದುಳಿನ ಗಡ್ಡೆಗೆ ಗಿಡಮೂಲಿಕೆ: ಬೆಳಗಾವಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಫಾರ್ಮಸಿಸ್ಟ್. ರಾಯಬಾಗ, ಅಥಣಿ, ಜಮಖಂಡಿ, ಮುಧೋಳ, ಇಂಡಿ ಕಡೆಯಿಂದ ಮೆದುಳಿನ ಗಡ್ಡೆಯ ಪೇಷಂಟ್ ಕರೆದುಕೊಂಡು ಬಂದವರು ಕೌಂಟರಿನಲ್ಲಿ ಚೀಟಿ ಕೊಟ್ಟು, ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿಯೇ ಕೇಳುತ್ತಾರೆ: ಇದರ ಜೋಡಿ ಗಾಂವಠಿ ಔಷಧಿ ನಡೆಯುತ್ತದೆಯೇ ಎಂದು. ಕೆಲವರು ಊರಿಗೆ ಹೋದ ಮೇಲೆ ಫೋನ್ ಮಾಡುತ್ತಾರೆ, ಕಾಗದ ಬರೆದವರೂ ಇದ್ದಾರೆ. ಆ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಗಿಡದ ಔಷಧವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಕಾರಣಕ್ಕೇ ಪ್ರತಿಯೊಂದರ ಬಗ್ಗೆಯೂ ಎರಡು ಮಾತು ಕೇಳುತ್ತೇನೆ: ಅದು ಮೆದುಳಿನವರೆಗೆ ಹೋಗುತ್ತದೆಯೇ? ಮನುಷ್ಯರ ಮೇಲೆ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೆಯೇ?

## ಮೊದಲು ಕೇಳುವವು

ತಲ್ಯಾಗ ಗಡ್ಡಿ ಆದ್ರ ಎಲ್ಲಾ ಕ್ಯಾನ್ಸರ್ ಏನ್ರಿ?

ಇಲ್ಲ. ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮ ಬಹುತೇಕ ಕ್ಯಾನ್ಸರ್ ಆಗಿರುವುದಿಲ್ಲ, ಆಪರೇಷನ್ನಿನಲ್ಲೇ ಮುಗಿಯಬಹುದು. ಮೆದುಳಿನ ಒಳಗಿನ ಜೀವಕೋಶಗಳಿಂದ ಹುಟ್ಟುವುದು ಗ್ಲಿಯೋಮ. ಅದರಲ್ಲಿ ನಿಧಾನವಾಗಿ ಬೆಳೆಯುವುದೂ ಇದೆ, ನಾಲ್ಕನೇ ಗ್ರೇಡಿನ (ಗ್ರೇಡ್ ಅಂದರೆ ಗಡ್ಡೆಯ ಉಗ್ರತೆಯ ಮಟ್ಟ) ಗ್ಲಿಯೋಬ್ಲಾಸ್ಟೋಮದಂಥ ಉಗ್ರವಾದದ್ದೂ ಇದೆ. ಮಕ್ಕಳಲ್ಲಿ ಮೆಡುಲೊಬ್ಲಾಸ್ಟೋಮ ಬರುತ್ತದೆ. ಶ್ವಾಸಕೋಶ ಅಥವಾ ಸ್ತನದ ಕ್ಯಾನ್ಸರ್ ಮೆದುಳಿಗೆ ಹಬ್ಬಿಯೂ ಗಡ್ಡೆ ಆಗಬಹುದು. ಇವಕ್ಕೆಲ್ಲ ಚಿಕಿತ್ಸೆ ಬೇರೆ ಬೇರೆ. ಬಯಾಪ್ಸಿ ರಿಪೋರ್ಟ್ ನೋಡದೆ ‘ತಲೆಗಡ್ಡೆಗೆ ನಮ್ಮಲ್ಲಿ ಔಷಧಿ ಇದೆ’ ಎನ್ನುವವರಿಗೆ ಯಾವ ಗಡ್ಡೆಗೆ ಕೊಡುತ್ತಿದ್ದೇವೆಂಬುದೇ ಗೊತ್ತಿರುವುದಿಲ್ಲ.

ಗಿಡದಿಂದ ಬಂದ ಔಷಧಿ ಇದಕ್ಕ ಒಂದೂ ಇಲ್ಲೇನ್ರಿ?

ಇವೆ, ಆಸ್ಪತ್ರೆಯ ಫ್ರಿಜ್ಜಿನಲ್ಲೇ ಇವೆ. ನಮ್ಮ ಮನೆಗಳ ಮುಂದೆ ಬಿಳಿ, ಗುಲಾಬಿ ಹೂ ಬಿಡುವ ಸದಾಪುಷ್ಪ (ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ, ಮರಾಠಿ ಮಂದಿಗೆ ಸದಾಫುಲಿ) ಗೊತ್ತಲ್ಲ. ಅದರ ಎಲೆಯಿಂದ ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಬಂದವು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಈ ಎಲೆಯನ್ನು ಪರೀಕ್ಷೆಗೆ ತೆಗೆದುಕೊಂಡದ್ದು ಸಕ್ಕರೆ ಕಾಯಿಲೆಗಾಗಿ. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಅದರ ಬೆನ್ನು ಹತ್ತಿ ಹೋದವರಿಗೆ ಕ್ಯಾನ್ಸರ್ ಔಷಧಿ ಸಿಕ್ಕಿತು. ಇವತ್ತು ಮಕ್ಕಳ ಮೆಡುಲೊಬ್ಲಾಸ್ಟೋಮದಲ್ಲಿ ವಿನ್‌ಕ್ರಿಸ್ಟೀನ್ ಬಳಸುತ್ತಾರೆ. ಕೆಲವು ಗ್ಲಿಯೋಮಗಳಿಗೆ ಕೊಡುವ ಪಿಸಿವಿ ಎಂಬ ಮೂರು ಔಷಧಿಗಳ ಜೋಡಣೆಯಲ್ಲೂ ಅದಿದೆ. ಕೆಳಗ್ರೇಡಿನ ಗ್ಲಿಯೋಮ ಇದ್ದವರಿಗೆ ರೇಡಿಯೇಷನ್ ಒಂದನ್ನೇ ಕೊಟ್ಟಾಗ ಸರಾಸರಿ ಬದುಕು 7.8 ವರ್ಷ, ಜೊತೆಗೆ ಪಿಸಿವಿ ಸೇರಿಸಿದಾಗ 13.3 ವರ್ಷ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈ ಲಾಭದಲ್ಲಿ ವಿನ್‌ಕ್ರಿಸ್ಟೀನ್ ಪಾಲು ಎಷ್ಟು ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ, ಏಕೆಂದರೆ ಅದು ಮೆದುಳಿನೊಳಗೆ ಸರಿಯಾಗಿ ಹೋಗುವುದಿಲ್ಲ.

ಹಿಮಾಲಯದ ಪೊಡೋಫಿಲಮ್ ಗಿಡದ ಬೇರಿನಲ್ಲಿರುವ ಅಂಶವನ್ನು ತಿದ್ದಿ ಮಾಡಿದ್ದು ಎಟೊಪೊಸೈಡ್. ಅದೂ ಮಕ್ಕಳ ಕೆಲವು ಮೆದುಳಿನ ಗಡ್ಡೆಗಳಿಗೆ ಬಳಕೆಯಲ್ಲಿದೆ. ಇನ್ನೊಂದು ನಮಗೆ ತೀರ ಹತ್ತಿರದ್ದು. ಪಶ್ಚಿಮ ಘಟ್ಟದಲ್ಲಿ ಮರಾಠಿಯವರು ನರಕ್ಯಾ ಎನ್ನುವ, ಕೆಟ್ಟ ವಾಸನೆಯ ಒಂದು ಗಿಡವಿದೆ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಹೇರಳವಾಗಿದೆ ಎಂದು 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಅವರ ತಂಡ ತೋರಿಸಿಕೊಟ್ಟಿತು. ಇರಿನೊಟೆಕಾನ್ ಅದೇ ಅಂಶದಿಂದ ಹುಟ್ಟಿದ ಔಷಧಿ. ಮರಳಿ ಬಂದ ಗ್ಲಿಯೋಬ್ಲಾಸ್ಟೋಮಕ್ಕೆ ಬೆವಾಸಿಝುಮ್ಯಾಬ್ ಎಂಬ ಇನ್ನೊಂದು ಔಷಧಿಯ ಜೊತೆ ಇದನ್ನು ಸೇರಿಸಿ ನೋಡಿದ್ದಾರೆ, ಅದರಿಂದ ಆಯುಸ್ಸು ಹೆಚ್ಚಲಿಲ್ಲ. ಹೊರದೇಶದ ಬೇಡಿಕೆಗೆಂದು ಕಡಿದು ಕಡಿದು ಘಟ್ಟದಲ್ಲಿ ಆ ಗಿಡವೇ ಅಪರೂಪವಾಗುತ್ತಿದೆ ಎಂಬುದು ನನಗೆ ಸಂಕಟದ ವಿಷಯ.

ಹಂಗಿದ್ರ ಅಂಗಳದಾಗಿನ ಸದಾಪುಷ್ಪದ ಎಲಿ ಅರದು ಕುಡಿಸಿದ್ರ ಆತಲ್ರಿ?

ದಯವಿಟ್ಟು ಬೇಡ. ನೂರಾರು ಕಿಲೋ ಒಣ ಎಲೆ ಹಾಕಿದರೂ ಕೈಗೆ ಸಿಗುವ ಶುದ್ಧ ಔಷಧಿ ಒಂದು ಗ್ರಾಂ ಆಸುಪಾಸು. ಆ ಎಲೆಯಲ್ಲಿ ಇನ್ನೂ ಹತ್ತಾರು ಅಂಶಗಳಿವೆ, ಬಿಪಿ ಮತ್ತು ಸಕ್ಕರೆ ಏರುಪೇರು ಮಾಡುವವೂ ಇವೆ. ಶುದ್ಧ ವಿನ್‌ಕ್ರಿಸ್ಟೀನನ್ನು ರಕ್ತನಾಳಕ್ಕೆ ಮಾತ್ರ, ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಜೀವಕ್ಕೇ ಕುತ್ತು. ಸರಿಯಾಗಿ ಕೊಟ್ಟರೂ ಕೈಕಾಲು ಜೋಮು ಹಿಡಿಯುತ್ತವೆ, ಮಲ ಕಟ್ಟುತ್ತದೆ. ಇಷ್ಟು ಖಡಕ್ ಔಷಧಿಯನ್ನು ಅಂದಾಜಿನ ಮೇಲೆ ಅರೆದು ಕುಡಿಸುವುದು ಸಲ್ಲದು.

## ಹೆಸರು ಹಿಡಿದು ಕೇಳುವವು

ನಮ್ಮ ಹೊಲದಾಗ ಬೆಳದ ಅರಿಷಿಣ ಐತ್ರಿ, ದಿನಾ ಹಾಲಿನಾಗ ಕೊಡಾಕತ್ತೀವಿ. ಗಡ್ಡಿ ಕರಗತೈತೇನ್ರಿ?

ಎಲ್ಲಕ್ಕಿಂತ ಹೆಚ್ಚು ಸಲ ನನ್ನ ಮುಂದೆ ಬಂದ ಪ್ರಶ್ನೆ ಇದು, ಬರದೇ ಇರುತ್ತದೆಯೇ? ರಾಯಬಾಗ, ಗೋಕಾಕ, ತೇರದಾಳ ಸೀಮೆಯ ಅರಿಷಿಣ ಸಾಂಗ್ಲಿ ಪೇಟೆಗೆ ಹೋಗುತ್ತದೆ. ಕುದಿಸಿ ಒಣಗಿಸುವ ಹೊತ್ತಿನಲ್ಲಿ ಮನೆಮಂದಿಯ ಉಗುರೆಲ್ಲ ಹಳದಿ. ಬೆಳೆದ ಬೆಳೆಯ ಮೇಲೆ ಭರವಸೆ ಇಡುವುದು ಸಹಜ.

ಅರಿಷಿಣದ ಮುಖ್ಯ ಅಂಶ ಕರ್ಕ್ಯುಮಿನ್. ಪುಡಿಯ ತೂಕದಲ್ಲಿ ಅದು ಸುಮಾರು ನೂರಕ್ಕೆ ಮೂರು ಭಾಗ. ಒಂದು ಚಮಚ ಪುಡಿಯಲ್ಲಿ ಹೆಚ್ಚೆಂದರೆ 100 ಮಿಲಿಗ್ರಾಂ ಆಸುಪಾಸು ಇರುತ್ತದೆ. ಹೊಟ್ಟೆಗೆ ಹೋದದ್ದರಲ್ಲಿ ಬಹುಪಾಲು ರಕ್ತ ಸೇರುವುದೇ ಇಲ್ಲ. ಸೇರಿದ ಅಷ್ಟಿಷ್ಟನ್ನು ಕರುಳು, ಲಿವರ್ ಕೂಡಲೇ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ. ಗ್ಲಿಯೋಬ್ಲಾಸ್ಟೋಮ ಇದ್ದ 13 ಜನರಿಗೆ ಆಪರೇಷನ್ನಿಗೆ ಮುಂಚೆ ನಾಲ್ಕು ದಿನ, ರಕ್ತಕ್ಕೆ ಚೆನ್ನಾಗಿ ಇಳಿಯುವಂತೆ ವಿಶೇಷವಾಗಿ ತಯಾರಿಸಿದ ಕರ್ಕ್ಯುಮಿನ್ ಕೊಟ್ಟು, ತೆಗೆದ ಗಡ್ಡೆಯಲ್ಲೇ ಅದನ್ನು ಅಳೆದು ನೋಡಿದ ಜರ್ಮನಿಯ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಗಡ್ಡೆಯೊಳಗೆ ಕರ್ಕ್ಯುಮಿನ್ ಸಿಕ್ಕಿದ್ದು ನಿಜ. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಗಡ್ಡೆಯ ಕೋಶ ಸಾಯಲು ಬೇಕಾದ ಪ್ರಮಾಣಕ್ಕೆ ಹೋಲಿಸಿದರೆ ಅದು ತೀರ ಅತ್ಯಲ್ಪ. ವಿಶೇಷ ತಯಾರಿಯ ಗತಿಯೇ ಹೀಗಿದ್ದಾಗ ಹಾಲಿನ ಅರಿಷಿಣದಿಂದ ಗಡ್ಡೆ ಕರಗುತ್ತದೆಂದು ನಾನು ಹೇಳಲಾರೆ.

ಹಾಲಿಗೆ, ಸಾರಿಗೆ, ಪಲ್ಯಕ್ಕೆ ಹಾಕುವ ಅರಿಷಿಣ ನಿಲ್ಲಿಸಬೇಕಿಲ್ಲ. ಪೇಷಂಟಿಗೆ ರುಚಿ ಅನಿಸಿದರೆ ಕೊಡಿ.

ಮೆಣಸಿನಕಾಳು ಕೂಡಿಸಿದ್ರ ಅರಿಷಿಣ ಮೈಗೆ ಹತ್ತತೈತಿ ಅಂತಾರಲ್ರಿ?

ಖರೆ. ಅದನ್ನು ತೋರಿಸಿದ ಪ್ರಸಿದ್ಧ ಪ್ರಯೋಗ ನಮ್ಮ ರಾಜ್ಯದ್ದೇ, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನದು, 1998ರದು. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಅಂಶ, ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2000 ಹೆಚ್ಚಿತು. ಆದರೆ ಸೊನ್ನೆಗೆ ಹತ್ತಿರದ್ದು ಇಪ್ಪತ್ತು ಪಟ್ಟಾದರೂ ಸಣ್ಣದೇ.

ಪೈಪರಿನ್ ಈ ಕೆಲಸ ಮಾಡುವುದು ಲಿವರಿನ ಶುದ್ಧೀಕರಣವನ್ನು ತಡೆದು. ಅದು ಅರಿಷಿಣಕ್ಕಷ್ಟೇ ತಡೆ ಹಾಕಿ ಸುಮ್ಮನಿರುವುದಿಲ್ಲ, ನೀವು ನುಂಗುವ ಬೇರೆ ಗುಳಿಗೆಗಳಿಗೂ ಹಾಕುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಟ್ಟ ಪೈಪರಿನ್‌ನಿಂದ ರಕ್ತದಲ್ಲಿ ಏರುತ್ತದೆಂದು ನಮ್ಮ ದೇಶದ ಪ್ರಯೋಗಗಳೇ ತೋರಿಸಿವೆ. ಫೆನಿಟಾಯಿನ್ ಸ್ವಲ್ಪ ಹೆಚ್ಚಾದರೂ ಪೇಷಂಟ್ ತೂರಾಡುತ್ತಾರೆ, ಮಾತು ತೊದಲುತ್ತದೆ, ಕಣ್ಣು ಅದುರುತ್ತವೆ. ಮನೆಯವರು ಗಡ್ಡೆ ಬೆಳೆಯಿತೆಂದು ಹೆದರಿ ಓಡಿ ಬರುತ್ತಾರೆ. ಸಾರಿನ ಮೆಣಸಿಗೆ ಚಿಂತೆ ಬೇಡ. ಕರ್ಕ್ಯುಮಿನ್-ಪೈಪರಿನ್ ಕ್ಯಾಪ್ಸೂಲ್ ಬೇರೆ ಮಾತು, ಅವುಗಳಿಂದ ಲಿವರ್ ಕೆಟ್ಟ ವರದಿಗಳೂ ಬಂದಿವೆ.

ಶಲ್ಲಕಿ ಗುಳಿಗೆಯಿಂದ ಮೆದುಳಿನ ಬಾವು ಇಳಿಯುತ್ತದೆ ಎಂದು ನಮ್ಮ ವೈದ್ಯರು ಹೇಳಿದರು. ನಿಜವೇ?

ಕೇಳಿದವರು ವಿಜಯಪುರದ ಒಬ್ಬ ಶಿಕ್ಷಕಿ. ಇಡೀ ಪಟ್ಟಿಯಲ್ಲಿ ನಾನು ಸ್ವಲ್ಪ ಭರವಸೆಯಿಂದ ಉತ್ತರ ಕೊಡುವ ಗಿಡ ಇದೊಂದೇ. ಶಲ್ಲಕಿ ನಮ್ಮ ಒಣಕಾಡುಗಳ ಮರ, ಅದರ ಅಂಟೇ ಔಷಧಿ. ಮೆದುಳಿಗೆ ರೇಡಿಯೇಷನ್ ತೆಗೆದುಕೊಳ್ಳುತ್ತಿದ್ದ 44 ಪೇಷಂಟ್‌ಗಳನ್ನು ಜರ್ಮನಿಯಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 4200 ಮಿಲಿಗ್ರಾಂ ಶಲ್ಲಕಿ, ಇನ್ನೊಂದಕ್ಕೆ ಔಷಧಿಯಿಲ್ಲದ ಹುಸಿ ಗುಳಿಗೆ ಕೊಟ್ಟರು. ಯಾರಿಗೆ ಯಾವುದೆಂದು ಪೇಷಂಟಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 2011ರಲ್ಲಿ ಪ್ರಕಟವಾದ ಫಲಿತಾಂಶ: ಬಾವು ಮುಕ್ಕಾಲಿಗಿಂತ ಹೆಚ್ಚು ಇಳಿದವರು ಶಲ್ಲಕಿ ಗುಂಪಿನಲ್ಲಿ ಶೇ 60, ಹುಸಿ ಗುಳಿಗೆಯ ಗುಂಪಿನಲ್ಲಿ ಶೇ 26.

ಇಲ್ಲಿ ಇಳಿದದ್ದು ಗಡ್ಡೆಯ ಸುತ್ತಲಿನ ಬಾವು. ಆಯುಸ್ಸಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆದರೂ ಬಾವು ಇಳಿದರೆ ತಲೆನೋವು, ವಾಂತಿ ಕಡಿಮೆಯಾಗಬಹುದು, ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್ ಕಡಿಮೆ ಸಾಕಾಗಬಹುದು. ಆ ಸ್ಟಿರಾಯ್ಡ್‌ನಿಂದ ಮುಖ ಊದಿ, ಸಕ್ಕರೆ ಏರಿ, ತೊಡೆಯ ಬಲ ಹೋಗಿ, ಕೂತಲ್ಲಿಂದ ಏಳಲಾಗದವರನ್ನು ದಿನಾ ನೋಡುವವನಿಗೆ ಇದು ಸಣ್ಣ ಲಾಭವಾಗಿ ಕಾಣುವುದಿಲ್ಲ. 44 ಜನರ ಅಧ್ಯಯನ ಚಿಕ್ಕದು, ಇದಕ್ಕಿಂತ ದೊಡ್ಡದು ನಡೆಯಬೇಕು.

ಶಲ್ಲಕಿ ಶುರು ಮಾಡಿದೆವೆಂದು ಸ್ಟಿರಾಯ್ಡ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಅದನ್ನು ಡಾಕ್ಟರೇ ಹಂತಹಂತವಾಗಿ ಇಳಿಸಬೇಕು, ಒಮ್ಮೆಲೇ ಬಿಟ್ಟರೆ ಪ್ರಾಣಾಪಾಯ. ಕಿರಾಣಿ ಅಂಗಡಿಯ ಲೋಬಾನ ತಿನ್ನಿಸಲೂ ಬೇಡಿ, ಅದು ಬಹಳ ಸಲ ಬೇರೆ ಮರದ ಅಂಟಾಗಿರುತ್ತದೆ.

ಲಕ್ಷ್ಮಣಫಲ ಕಿಮೋಕ್ಕಿಂತ ಜೋರ್ ಐತಿ ಅಂತ ಮೊಬೈಲ್‌ನಾಗ ಬಂದೈತ್ರಿ.

ಆ ಮಾತು ವರ್ಷಗಟ್ಟಲೆಯಿಂದ ಸುತ್ತುತ್ತಿದೆ. ಅದರಿಂದ ಮೆದುಳಿನ ಗಡ್ಡೆ ಕರಗಿತೆಂದು ತೋರಿಸುವ ಮನುಷ್ಯರ ಮೇಲಿನ ಪರೀಕ್ಷೆ ಇಲ್ಲ. ಅದರಲ್ಲಿರುವ ಅನೊನಾಸಿನ್ ಎಂಬ ಅಂಶ ನರಕೋಶಗಳಿಗೇ ವಿಷ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು ಮತ್ತು ಎಲೆಯ ಕಷಾಯವನ್ನು ಬಹಳ ಬಳಸುವವರಲ್ಲಿ ಪಾರ್ಕಿನ್ಸನ್‌ನಂಥ ಕಾಯಿಲೆ ಹೆಚ್ಚು ಕಂಡದ್ದು 1999ರಲ್ಲಿ ವರದಿಯಾಯಿತು. ಮೊದಲೇ ಪೆಟ್ಟು ತಿಂದ ಮೆದುಳಿಗೆ ಈ ಎಲೆಯ ಕಷಾಯ ಕೊಡುವುದನ್ನು ನಾನಂತೂ ಒಪ್ಪುವುದಿಲ್ಲ. ಏಪ್ರಿಕಾಟ್ ಬೀಜವೂ ಬೇಡ. ಅದರ ಅಮಿಗ್ಡಾಲಿನ್ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಅದರದೇ ಇನ್ನೊಂದು ರೂಪವಾದ ಲೇಟ್ರಿಲ್ ಎಂಬ ಔಷಧಿಯನ್ನು ಅಮೆರಿಕದಲ್ಲಿ 178 ಕ್ಯಾನ್ಸರ್ ಪೇಷಂಟ್‌ಗಳಿಗೆ ಕೊಟ್ಟು ನೋಡಿ, ಪ್ರಯೋಜನವಿಲ್ಲವೆಂದು 1982ರಲ್ಲೇ ಪ್ರಕಟಿಸಿದ್ದಾರೆ.

ಅಮೃತಬಳ್ಳಿ, ಅಶ್ವಗಂಧ ಶಕ್ತಿಗೆ ಕೊಡೂದ್ರಾಗ ಏನ್ ತಪ್ಪ್ರಿ?

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಅಮೃತಬಳ್ಳಿ ಕುಡಿದರು. ಅದರಿಂದ ಲಿವರಿಗೆ ಪೆಟ್ಟಾದ 43 ಪೇಷಂಟ್‌ಗಳ ವಿವರವನ್ನು ದೇಶದ 13 ಆಸ್ಪತ್ರೆಗಳ ವೈದ್ಯರು ಕೂಡಿ 2022ರಲ್ಲಿ ಪ್ರಕಟಿಸಿದರು. ಅಶ್ವಗಂಧದಿಂದಲೂ ಅಂಥ ವರದಿಗಳಿವೆ. ಅಶ್ವಗಂಧದ ವಿದಾಫೆರಿನ್-ಎ ಗ್ಲಿಯೋಮ ಕೋಶಗಳನ್ನು ಕೊಲ್ಲುವುದು ತಟ್ಟೆಯಲ್ಲಿ, ಇಲಿಗಳಲ್ಲಿ ಕಂಡಿದೆ. ಶಕ್ತಿಗೆ ಮೊಟ್ಟೆ, ಬೇಳೆ, ಮೊಸರು, ಮೆತ್ತಗಿನ ಜೋಳದ ನುಚ್ಚು ಕೊಡಿ. ಕಿಮೋ ನಡೆದಾಗ ಲಿವರಿಗೆ ಹೊಸ ಹೊರೆ ಬೇಡ.

ಗಾಂಜಾ ಎಣ್ಣೆ?

ಗಾಂಜಾದ ಮುಖ್ಯ ಅಂಶಗಳಾದ ಟಿಎಚ್‌ಸಿ ಮತ್ತು ಸಿಬಿಡಿ ಎರಡೂ ಇರುವ, ಬಾಯಿಗೆ ಹೊಡೆಯುವ ಸ್ಪ್ರೇಯನ್ನು ಮರಳಿ ಬಂದ ಗ್ಲಿಯೋಬ್ಲಾಸ್ಟೋಮ ಇದ್ದ 21 ಜನರ ಮೇಲೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ್ದಾರೆ. ಟೆಮೊಝೊಲೊಮೈಡ್ ಎಂಬ ಕಿಮೋ ಗುಳಿಗೆ ಎರಡೂ ಗುಂಪಿಗೆ ಇತ್ತು. ವರ್ಷದ ಕೊನೆಗೆ ಬದುಕಿದ್ದವರು ಸ್ಪ್ರೇ ಗುಂಪಿನಲ್ಲಿ ಶೇ 83, ಹುಸಿ ಸ್ಪ್ರೇ ಗುಂಪಿನಲ್ಲಿ ಶೇ 44. ಅಂಕಿ ಕೇಳಲು ಚೆಂದ. ಆದರೆ ಅದು ಔಷಧಿಯ ಸುರಕ್ಷತೆ ನೋಡಲು ಮಾಡಿದ ಸಣ್ಣ ಪರೀಕ್ಷೆ, ಈ ಅಂತರ ಕಾಕತಾಳೀಯವೂ ಇರಬಹುದು. ಬ್ರಿಟನ್ನಿನಲ್ಲಿ ದೊಡ್ಡ ಪರೀಕ್ಷೆ 2023ರಲ್ಲಿ ಆರಂಭವಾಗಿದೆ. ಕದ್ದುಮುಚ್ಚಿ ಮಾರುವ ಎಣ್ಣೆಯಲ್ಲಿ ಏನು, ಎಷ್ಟು ಇದೆಯೆಂದು ತಿಳಿಯುವ ದಾರಿಯಿಲ್ಲ, ಮೇಲೆ 1985ರ ಮಾದಕವಸ್ತು ಕಾಯ್ದೆಯ ತೊಡಕು.

## ಚಿಕಿತ್ಸೆ ನಡೆದಿರುವಾಗ

ಕಿಮೋದಿಂದ ಮಂದಿ ಉಳಿಯಂಗಿಲ್ಲ ಅಂತಾರ. ಅದನ್ನ ಬಿಟ್ಟು ಬರೇ ಕಷಾಯ ಕೊಟ್ರ?

ಗ್ಲಿಯೋಬ್ಲಾಸ್ಟೋಮದ ಮಾತನ್ನೇ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. 573 ಜನರ ಅಧ್ಯಯನದಲ್ಲಿ ರೇಡಿಯೇಷನ್ ಒಂದೇ ಪಡೆದವರ ಸರಾಸರಿ ಆಯುಸ್ಸು 12.1 ತಿಂಗಳು, ಟೆಮೊಝೊಲೊಮೈಡ್ ಗುಳಿಗೆಯನ್ನೂ ಪಡೆದವರದು 14.6 ತಿಂಗಳು. ಎರಡು ವರ್ಷ ದಾಟಿದವರು ಮೊದಲ ಗುಂಪಿನಲ್ಲಿ ಶೇ 10.4, ಎರಡನೆಯದರಲ್ಲಿ ಶೇ 26.5. ಇದು 2005ರ ವರದಿ, ಇಂದಿಗೂ ಚಿಕಿತ್ಸೆಯ ಬುನಾದಿ. ಎರಡೂವರೆ ತಿಂಗಳೇ ಎನ್ನಬೇಡಿ, ನೂರರಲ್ಲಿ ಹದಿನಾರು ಜನ ಹೆಚ್ಚಿಗೆ ಎರಡು ವರ್ಷ ದಾಟಿದ್ದಾರೆ. ಇಂಥ ಅಂಕಿ ತೋರಿಸಿದ ಕಷಾಯ ಇವತ್ತಿನವರೆಗೆ ಒಂದೂ ಇಲ್ಲ. ಬೇರೆ ಜಾತಿಯ ಗಡ್ಡೆಗಳಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ಚಿಕಿತ್ಸೆಯ ಫಲ ಇದಕ್ಕಿಂತ ಎಷ್ಟೋ ಒಳ್ಳೆಯದು. ಆ ಮಕ್ಕಳ ಚಿಕಿತ್ಸೆ ಬಿಡಿಸುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಕಿಮೋ ಗುಳಿಗಿ ಜೋಡಿ ಯಾವ್ಯಾವು ಕೊಡಬಾರದ್ರಿ?

ಟೆಮೊಝೊಲೊಮೈಡ್ ಖಾಲಿ ಹೊಟ್ಟೆಯಲ್ಲಿ ನುಂಗುವ ಗುಳಿಗೆ. ಅದರ ಹೊತ್ತಿಗೆ ಯಾವ ರಸವೂ ಬೇಡ. ಬಿಳಿಕಣ ಇಳಿದಾಗ ತೊಳೆಯದ ಎಲೆಯ ಹಸಿ ರಸ, ಗೋಧಿಹುಲ್ಲಿನ ರಸ ಸೋಂಕಿಗೆ ದಾರಿ. ಪ್ಲೇಟ್‌ಲೆಟ್ ಇಳಿಯಿತೆಂದು ಪಪ್ಪಾಯಿ ಎಲೆಯ ರಸ ಕುಡಿಸುತ್ತಾರೆ. ಅದನ್ನು ಪರೀಕ್ಷಿಸಿದ್ದು ಡೆಂಗಿ ಜ್ವರದಲ್ಲಿ, ಕಿಮೋದ ಇಳಿತಕ್ಕೆ ಕಾರಣವೇ ಬೇರೆ. ಡೆಕ್ಸಾಮೆಥಾಸೋನ್ ನಡೆದಿದ್ದರೆ ಜ್ಯೇಷ್ಠಮಧು ಬೇಡ, ಬಿಪಿ ಏರಿ ಪೊಟ್ಯಾಶಿಯಮ್ ಇಳಿಯುತ್ತದೆ. ಆಪರೇಷನ್ ತಾರೀಖು ಗೊತ್ತಾದರೆ ಬೆಳ್ಳುಳ್ಳಿ, ಅರಿಷಿಣದ ಕ್ಯಾಪ್ಸೂಲುಗಳನ್ನು ಎರಡು ವಾರ ಮುಂಚೆ ನಿಲ್ಲಿಸಿ, ರಕ್ತ ಹೆಪ್ಪುಗಟ್ಟುವುದು ತಡವಾಗಬಹುದು.

ಪುಡಿ ತಗೊಳ್ಳಾಕತ್ತಿದ್ದು ಡಾಕ್ಟರ್‌ಗೆ ಹೇಳಿದ್ರ ಬೈತಾರ್ರಿ. ಹೇಳಲೇಬೇಕೇನ್ರಿ?

ಹೇಳಲೇಬೇಕು. ಬೈಸಿಕೊಂಡರೂ ಹೇಳಿ. ಒಮ್ಮೆ ಜಮಖಂಡಿ ಕಡೆಯ ತಾಯಿಯೊಬ್ಬರು ಪ್ಲಾಸ್ಟಿಕ್ ಚೀಲದಿಂದ ಪೇಪರಿನ ಪೊಟ್ಟಣಗಳನ್ನು ತೆಗೆದು ಕೌಂಟರಿನ ಮೇಲಿಟ್ಟರು. ‘ಮುಂಜಾನೆ’, ‘ಸಂಜೆ’ ಎಂದು ನೀಲಿ ಪೆನ್ನಿನಲ್ಲಿ ಬರೆದದ್ದು ಬಿಟ್ಟರೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಮಗನ ಲಿವರ್ ರಿಪೋರ್ಟ್ ಏರಿತ್ತು. ಕಿಮೋದಿಂದ ಏರಿತೋ ಪುಡಿಯಿಂದಲೋ ಎಂಬುದು ಡಾಕ್ಟರಿಗೆ ತಿಳಿಯಬೇಕಾದರೆ ಪುಡಿಯ ಮಾತು ಅವರ ಕಿವಿಗೆ ಬೀಳಲೇಬೇಕು. ಇಲ್ಲದಿದ್ದರೆ ಅವರು ನಿಲ್ಲಿಸುವುದು ಕಿಮೋವನ್ನೇ. ಪೊಟ್ಟಣ, ಬಾಟಲಿ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ, ಸಾಕು.

ಗಿಡದ ಪುಡಿ ಅಂತ ಕೊಟ್ಟಾರ. ಒಳಗ ಬ್ಯಾರೆ ಏನರ ಇರತೈತೇನ್ರಿ?

ಇರಬಹುದು. ಅಮೆರಿಕದ ಬೋಸ್ಟನ್ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ತಂದು ನೋಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಇದು 2004ರ ವರದಿ. ಗಡ್ಡೆಯ ಪುಡಿ ತಿಂದ ಎರಡೇ ದಿನಕ್ಕೆ ತಲೆನೋವು ಮಾಯವಾಗಿ ಹಸಿವು ಕೆರಳಿದರೆ ಸ್ಟಿರಾಯ್ಡ್ ಬೆರೆಸಿದ್ದಾರೆಂದು ಅನುಮಾನಿಸಿ. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇಲ್ಲದ್ದನ್ನು ಮುಟ್ಟಬೇಡಿ. ಕ್ಯಾನ್ಸರ್, ಗಡ್ಡೆ, ಮೆದುಳಿನ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ.

ರೊಕ್ಕ ಇಲ್ರಿ, ಅದಕ್ಕ ಗಿಡದ ಔಷಧಕ್ಕ ಹೊಂಟೀವಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡ್, ಆಧಾರ್ ಹಿಡಿದುಕೊಂಡು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿ. ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್ ಸರ್ಕಾರಿ ಸಂಸ್ಥೆಗಳು. ಜವಾರಿ ಔಷಧಿಗೆಂದು ಎಮ್ಮೆ ಮಾರಿದವರೂ ನನಗೆ ಗೊತ್ತು. ಅದು ಅಗ್ಗ ಎಂಬುದು ಬಹಳ ಸಲ ಸುಳ್ಳು.

ಡಾಕ್ಟರ್ ಇನ್ನೇನೂ ಮಾಡಾಕಾಗಂಗಿಲ್ಲ ಅಂದಾರ. ಈಗರ ಕೊಡಬಹುದಲ್ರಿ?

ಈ ಪ್ರಶ್ನೆಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ನುಂಗಲು ತ್ರಾಸಿದ್ದರೆ ಒತ್ತಾಯದಿಂದ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಫಿಟ್ಸ್ ಗುಳಿಗೆ, ನೋವಿನ ಔಷಧಿ ತಪ್ಪಿಸಬೇಡಿ. ಇವೆರಡು ಪಾಲಿಸಿ, ಹಾನಿಯಿಲ್ಲದ್ದನ್ನು ಅವರು ಬೇಡಿದಷ್ಟು ಕೊಡಿ. ನೋವು, ತ್ರಾಸು ತಗ್ಗಿಸುವ ಉಪಶಮನ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಅದೇ ಡಾಕ್ಟರನ್ನು ಕೇಳಿ, ಮಾಡುವುದು ಇನ್ನೂ ಬಹಳ ಇರುತ್ತದೆ.

## ಇನ್ನೂ ಆಳಕ್ಕೆ ಕೇಳುವವರಿಗೆ

ಲ್ಯಾಬಿನಲ್ಲಿ ಸಾಯುವ ಗಡ್ಡೆಯ ಕೋಶ ಮನುಷ್ಯನಲ್ಲಿ ಯಾಕೆ ಸಾಯುವುದಿಲ್ಲ?

ಮೆದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಸಂದಿಯಿಲ್ಲದಂತೆ ಬಿಗಿದುಕೊಂಡಿರುತ್ತವೆ. ಇದಕ್ಕೆ ರಕ್ತ-ಮೆದುಳು ತಡೆಗೋಡೆ ಎನ್ನುತ್ತಾರೆ. ಸಣ್ಣ, ಕೊಬ್ಬಿನಲ್ಲಿ ಕರಗುವ ಅಣುಗಳು ಹೇಗೋ ನುಸುಳುತ್ತವೆ. ಟೆಮೊಝೊಲೊಮೈಡ್ ಅಣುತೂಕ ಬರೀ 194, ವಿನ್‌ಕ್ರಿಸ್ಟೀನ್‌ದು 825. ತೂಕ 368 ಇರುವ ಕರ್ಕ್ಯುಮಿನ್ ನುಸುಳಬಲ್ಲದು, ಆದರೆ ರಕ್ತದಲ್ಲೇ ಅದು ಉಳಿಯುವುದಿಲ್ಲ. ನುಸುಳಿದ್ದನ್ನು ವಾಪಸ್ ರಕ್ತಕ್ಕೆ ತಳ್ಳುವ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಬೇರೆ. ಗಡ್ಡೆಯ ನಡುಭಾಗದಲ್ಲಿ ಗೋಡೆ ಹರಿದಿರುತ್ತದೆ ನಿಜ. ಅಂಚಿನಲ್ಲಿ ಒಳ್ಳೆಯ ಮೆದುಳಿನೊಳಗೆ ಹರಡಿದ ಕೋಶಗಳ ಸುತ್ತ ಅದು ಗಟ್ಟಿಯಾಗಿಯೇ ಇರುತ್ತದೆ. ಗಡ್ಡೆ ಮರಳಿ ಬೆಳೆಯುವುದು ಆ ಅಂಚಿನಿಂದ.

ತಟ್ಟೆಯ ಪ್ರಯೋಗಗಳಿಗೂ ತಮ್ಮವೇ ತೊಂದರೆಗಳಿವೆ. ಸಾವಿರಾರು ಅಧ್ಯಯನಗಳಲ್ಲಿ ಬಳಸಿದ ಯು87 ಎಂಬ ಗ್ಲಿಯೋಮ ಕೋಶಗಳು ಸ್ವೀಡನ್ನಿನ ಉಪ್ಸಾಲಾದ ಮೂಲ ಪೇಷಂಟಿನ ಗಡ್ಡೆಗೆ ಹೊಂದುವುದಿಲ್ಲವೆಂದು 2016ರಲ್ಲಿ ಗೊತ್ತಾಯಿತು. ಕರ್ಕ್ಯುಮಿನ್‌ನಂಥ ಅಣುಗಳು ಪರೀಕ್ಷೆಯ ರಸಾಯನಗಳ ಜೊತೆಗೇ ಬೆರೆತು, ಬಣ್ಣ ಬಿಟ್ಟು, ಇಲ್ಲದ ಪರಿಣಾಮ ತೋರಿಸಬಲ್ಲವೆಂದು 2017ರಲ್ಲಿ ರಸಾಯನ ವಿಜ್ಞಾನಿಗಳು ಎಚ್ಚರಿಸಿದ್ದಾರೆ.

ಹೊಟ್ಟೆ ಬಿಟ್ಟು ಬೇರೆ ದಾರಿಯಿಂದ ಕಳಿಸಲು ಆಗುವುದಿಲ್ಲವೇ?

ಆ ಕೆಲಸ ನಡೆದಿದೆ. ಪುದೀನ, ಲ್ಯಾವೆಂಡರ್ ಎಣ್ಣೆಗಳಲ್ಲಿರುವ ಪೆರಿಲ್ಲಿಲ್ ಆಲ್ಕೊಹಾಲನ್ನು ಮೂಗಿನಿಂದ ಉಸಿರಾಡಿಸುವ ಚಿಕಿತ್ಸೆಯನ್ನು ಬ್ರೆಜಿಲ್‌ನಲ್ಲಿ ಮರಳಿ ಬಂದ ಗ್ಲಿಯೋಮ ಇರುವವರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ, ಅದರ ಶುದ್ಧ ರೂಪ ಅಮೆರಿಕದಲ್ಲೂ ಪರೀಕ್ಷೆಗೆ ಬಂದಿದೆ. ಮೂಗಿನ ನರಗಳು ತಡೆಗೋಡೆಯನ್ನು ತಪ್ಪಿಸಿ ಮೆದುಳಿಗೆ ಹೋಗುತ್ತವೆ ಎಂಬುದು ಇದರ ಹಿಂದಿನ ಯೋಚನೆ. ನನಗೆ ಇದು ಅರಿಷಿಣದ ಕ್ಯಾಪ್ಸೂಲಿಗಿಂತ ಹೆಚ್ಚು ಆಸಕ್ತಿಯ ದಾರಿ. ಮನೆಯಲ್ಲಿ ಪುದೀನ ಎಣ್ಣೆ ಮೂಸಿದರೆ ಆ ಪ್ರಮಾಣ ಸಿಗುವುದಿಲ್ಲ.

ನಮ್ಮ ಬೆಳಗಾವಿಯಲ್ಲಿ ಗಿಡಮೂಲಿಕೆಯ ಸಂಶೋಧನೆ ಇದೆಯಂತೆ. ಪರೀಕ್ಷೆಗೆ ಸೇರಿಕೊಳ್ಳುವುದು ಹೇಗೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಇರುವುದು ಬೆಳಗಾವಿಯಲ್ಲೇ. ಅದು ಸಂಶೋಧನಾ ಸಂಸ್ಥೆ, ಪೇಷಂಟ್ ಕರೆದುಕೊಂಡು ಹೋಗಿ ಗಡ್ಡೆಗೆ ಔಷಧಿ ಕೇಳುವ ಜಾಗವಲ್ಲ. ಮನುಷ್ಯರ ಮೇಲಿನ ಪರೀಕ್ಷೆಗಳನ್ನು ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಅದರ ಸಿಟಿಆರ್‌ಐ ವೆಬ್‌ಸೈಟ್ ಯಾರು ಬೇಕಾದರೂ ತೆರೆದು, ಗ್ಲಿಯೋಬ್ಲಾಸ್ಟೋಮ ಎಂದು ಹುಡುಕಿ ನೋಡಬಹುದು. ನೋಂದಣಿ ಸಂಖ್ಯೆ, ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ, ಯಾವ ಗ್ರೇಡಿನವರನ್ನು ಸೇರಿಸುತ್ತಾರೆ, ಇನ್ನೂ ಸೇರಿಸಿಕೊಳ್ಳುತ್ತಿದ್ದಾರೆಯೇ, ಇಷ್ಟು ನೋಡಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಪರೀಕ್ಷೆಯ ಔಷಧಿಗೆ ನಿಮ್ಮಿಂದ ರೊಕ್ಕ ಕೇಳಿದರೆ ಸಹಿ ಹಾಕುವ ಮೊದಲು ಬಯಾಪ್ಸಿ ರಿಪೋರ್ಟ್ ಸಮೇತ ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಆ ಕಾಗದ ತೋರಿಸಿ.